ಇರಾಜಿ ಅಂದುಬಿಟ್ಟಳು ಬುರುಲ್

"ಏಳ್ರೀ... ಮೇಲೆ...!"

ಬುರುಲ್‌ಗೆ ಅಷ್ಟೇ ಹೇಳಲು ಆಗಿದ್ದು. ಎದೆಯಲ್ಲಿ ಉಳಿದಿದ್ದ ಉಸಿರೆಲ್ಲ ಆ ಎರಡು ಪದಕ್ಕೇ ಮುಗಿದುಹೋಯಿತು.

ಕಿರ್ಗಿಜ್ ನಾಡಿನ ನರೀನ್ ಪಟ್ಟಣದ ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ತುದಿಯಲ್ಲಿ ಇದ್ದದ್ದು ಒಂದೇ ಒಂದು ಕುರ್ಚಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೋ ಅಳೆಯಬೇಕೆಂದು ನರ್ಸ್ ಬೆಗಾಯಿಮ್ ರೋಗಿಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಬಿಟ್ಟಿದ್ದಳು. ಮೂರನೇ ನಿಮಿಷಕ್ಕೇ ಬುರುಲ್‌ಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ಹೇಗೋ ಕುರ್ಚಿಯ ತನಕ ಬಂದರೆ, ಅಲ್ಲಿ ಆಗಲೇ ಒಬ್ಬ ಗಂಡಸು ಆಸೀನನಾಗಿದ್ದ!

ಅಗಲ ಭುಜ, ನರೆತ ಮೀಸೆ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಲ್ಲಿದ್ದಲ ಮಸಿ. ಅವನು ಏಳಲಿಲ್ಲ. ಕೈ ಎತ್ತಿ 'ಸ್ವಲ್ಪ ತಾಳು' ಎಂಬಂತೆ ಸನ್ನೆ ಮಾಡಿದ.

"ಹೆಂಗಸು... ನಿಂತಿದೀನಿ... ಕಾಣಲ್ವಾ?"

"ಕಾಣ್ತಿದೆ... ಕಾಲು... ಕೇಳ್ತಿಲ್ಲ!"

ಜಗಳ ಆಡಬೇಕೆಂದರೂ ಉಸಿರು ಬೇಕಲ್ಲ! ಇಬ್ಬರೂ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಕೊನೆಗೆ ಅವನೇ ಒಂದು ಪಕ್ಕಕ್ಕೆ ಸರಿದು ಅರ್ಧ ಕುರ್ಚಿ ಬಿಟ್ಟುಕೊಟ್ಟ. ಬುರುಲ್ ಬೇರೆ ದಾರಿ ಕಾಣದೆ ಕೂತಳು. ಬೆನ್ನಿಗೆ ಬೆನ್ನು ತಾಗಿತು. ಅವನ ಎದೆಯ ಸುಯ್ಯೆನ್ನುವ ಸದ್ದು ಅವಳ ಬೆನ್ನಿಗೇ ಕೇಳಿಸುತ್ತಿತ್ತು.

ಗಡಿಯಾರ ಹಿಡಿದು ಬೆಗಾಯಿಮ್ ಓಡಿ ಬಂದಳು. "ಅಯ್ಯೋ ದೇವ್ರೇ! ನೀವು ಕೂತ್ರೂ ಟೈಮ್ ಕೂರಲ್ಲ! ಏಳಿ, ಏಳಿ!"

ಅವನಿಗೆ ನಗು ಬಂತು. ನಗು ಕೆಮ್ಮಾಯಿತು. ಅದನ್ನು ನೋಡಿ ಅವಳೂ ನಕ್ಕಳು, ಅವಳಿಗೂ ಕೆಮ್ಮು ಹತ್ತಿಕೊಂಡಿತು.

ಮುಂದೆ ಆಗುವುದೆಲ್ಲ ಆ ದಿನವೇ ಗೊತ್ತಿದ್ದರೆ ಬುರುಲ್ ಆ ಅರ್ಧ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲವೇನೋ.

*

ಬುರುಲ್‌ಗೆ ಐವತ್ತೊಂದು. ಗಂಡ ತೀರಿಕೊಂಡು ಏಳು ವರ್ಷ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೆ ಮೂವತ್ತು ಚಳಿಗಾಲ ಬೆರಣಿ ಒಲೆಯ ಮುಂದೆ ಕೂತು ರೊಟ್ಟಿ ಸುಟ್ಟಿದ್ದಳು. ಆ ಹೊಗೆ ಸದ್ದಿಲ್ಲದೆ ಒಳಗೆ ಕೂತು ತನ್ನ ಕೆಲಸ ಮಾಡಿತ್ತು.

ಸಗಿನ್‌ಗೆ ಐವತ್ತೇಳು. ಬೇರೊಂದು ಶಾಲೆಯ ಬಾಯ್ಲರ್ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಲ್ಲಿದ್ದಲು ಸುರಿಯುವ ಕೆಲಸ. ಹೆಂಡತಿ ಕೆಲಸಕ್ಕೆಂದು ರಷ್ಯಾಕ್ಕೆ ಹೋದವಳು ಅಲ್ಲೇ ಇನ್ನೊಬ್ಬನ ಜೊತೆ ನೆಲೆಸಿ ಹನ್ನೆರಡು ವರ್ಷ ಆಗಿತ್ತು.

ಶ್ವಾಸಕೋಶ ಕೆಟ್ಟವರಿಗೆ ವ್ಯಾಯಾಮ ಹೇಳಿಕೊಡುವ ಆರು ವಾರದ ತರಗತಿ ಅದು. ವಾರಕ್ಕೆ ಎರಡು ದಿನ. ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು, ಹಾಡು ಹಾಕಿಕೊಂಡು ಭುಜ ಕುಣಿಸುವುದು. "ಬಿಸಿ ಚಹಾ ಆರಿಸ್ತೀರಲ್ಲ, ಹಾಗೆ ತುಟಿ ಮುಂದೆ ಮಾಡಿ ಮೆಲ್ಲಗೆ ಊದಿ" ಎಂದು ಬೆಗಾಯಿಮ್ ನೂರು ಸಲ ಹೇಳುತ್ತಿದ್ದಳು.

ಹತ್ತು ಜನ ಶುರು ಮಾಡಿದ್ದರು. ಕುರಿ ಮರಿ ಹಾಕುವ ಕಾಲ ಎಂದು ಒಬ್ಬರು ಹೋದರು, ಮೊಮ್ಮಗನ ತೊಟ್ಟಿಲ ಹಬ್ಬ ಎಂದು ಇನ್ನೊಬ್ಬರು. ಉಳಿದದ್ದು ಎಂಟು. ಎಂಟು ಜನವಾದರೂ ಕೊನೆ ಮುಟ್ಟದಿದ್ದರೆ ಶರತ್ಕಾಲಕ್ಕೆ ತರಗತಿ ನಡೆಸುವುದಿಲ್ಲ ಎಂದು ಮೇಲಿನವರು ಬರೆದಿದ್ದರಂತೆ.

"ಬುರುಲ್ ಎಜೆ, ನೀವೇ ಹಿರಿಯಕ್ಕ. ಎಲ್ರನ್ನೂ ಎಳ್ಕೊಂಡ್ ಬರೋ ಜವಾಬ್ದಾರಿ ನಿಮ್ದು" ಎಂದಳು ಬೆಗಾಯಿಮ್. ಅಲ್ಲಿ ಅಕ್ಕನಿಗೆ ಎಜೆ ಎನ್ನುತ್ತಾರೆ.

ಮೂರನೇ ದಿನದ ತರಗತಿಗೆ ಸಗಿನ್ ಬರಲಿಲ್ಲ. ಬುರುಲ್ ನೇರ ಬಾಯ್ಲರ್ ಮನೆಗೇ ನುಗ್ಗಿದಳು.

"ಏನು ಸಗಿನ್ ಬಾಯ್ಕೆ, ಎರಡೇ ದಿನಕ್ಕೆ ಸಾಕಾಯ್ತಾ?" ಅಣ್ಣ ಎನ್ನುವ ಹಾಗೆ ಬಾಯ್ಕೆ ಎಂದರೂ ದನಿಯಲ್ಲಿ ಮರ್ಯಾದೆ ಅಷ್ಟಕ್ಕಷ್ಟೇ.

"ಬೆಂಕಿ ಆರಿದ್ರೆ ಮುನ್ನೂರು ಮಕ್ಳು ಚಳೀಲಿ ಕೂರ್ತಾವೆ, ಬುರುಲ್."

"ನಿಮ್ಮ ಎದೇಲಿರೋದು ಆರಿದ್ರೆ? ಯಾರು ಬಂದು ಹಚ್ತಾರೆ?"

ಅವನು ಸಲಿಕೆ ಗೋಡೆಗೆ ಒರಗಿಸಿದ. ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಆಮೇಲೆ ಕೋಟು ಹಾಕಿಕೊಂಡ.

ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ತಪ್ಪದೆ ಅವಳು ಬಾಯ್ಲರ್ ಮನೆಯ ಬಾಗಿಲಿಗೆ ಬರುವುದು, ಅವನು ಕೈ ತೊಳೆದು ಸಿದ್ಧನಾಗಿರುವುದು. ತರಗತಿ ಮುಗಿದರೆ ಸೇತುವೆಯ ತನಕ ಒಟ್ಟಿಗೆ ನಡೆಯುವುದು. ನಾಲ್ಕು ಕಂಬ ದಾಟಿದರೆ ನಿಲ್ಲಬೇಕು. ನಿಂತಾಗ ಅವನು ಜೇಬಿನಿಂದ ಒಣ ಏಪ್ರಿಕಾಟ್ ತೆಗೆದು ಅವಳ ಅಂಗೈಗೆ ಹಾಕುತ್ತಿದ್ದ.

"ನನ್ ಜೊತೆ ನಡ್ಯೋಕೆ... ಯಾರಿಗೂ ತಾಳ್ಮೆ ಇರ್ಲಿಲ್ಲ" ಎಂದ ಒಂದು ದಿನ. "ಎಲ್ರೂ ಮುಂದೆ ಹೋಗ್ಬಿಡ್ತಾರೆ."

'ನಾನು ಹೋಗಲ್ಲ...' ಎಂದಿತು ಬುರುಲ್‌ಳ ಮನಸ್ಸು. ಬಾಯಿ ಮಾತ್ರ, "ಏಪ್ರಿಕಾಟ್ ಹುಳಿ ಇದೆ" ಎಂದಿತು!

ಛೇ. ಆ ಬಾಯಿಯೇ ಅವಳ ಶತ್ರು.

*

ಅದು ವ್ಯಾಯಾಮದ ಒಂಬತ್ತನೇ ತರಗತಿಯ ದಿನ. ಕೋಟು ನೇತುಹಾಕುವ ಕೋಣೆಯಲ್ಲಿ ಬುರುಲ್ ಮಫ್ಲರ್ ಬಿಚ್ಚುತ್ತಿದ್ದಳು. ಅವಳ ಜೊತೆಯ ಕಲೀಚಾ ಅದೇ ತರಗತಿಯವಳು, ಅದೇ ಬೀದಿಯವಳು. ಉಸಿರು ಕಡಿಮೆಯಾದರೂ ಬಾಯಿಗೆ ಬಿಡುವಿಲ್ಲ.

"ಏನೇ ಬುರುಲ್, ನಿನ್ ಕಲ್ಲಿದ್ದಲು ದೊರೆ ಜೊತೆ ಮದ್ವೆ ಊಟ ಯಾವಾಗ? ಸೇತುವೆ ಮೇಲೆ ನಿಂತು ಅವ್ನು ನಿಂಗೆ ತಿನ್ನಿಸ್ತಿದ್ದನ್ನ ಬೀದಿಯೆಲ್ಲಾ ನೋಡಿದೆ!"

ಬುರುಲ್‌ಳ ಮುಖ ಕೆಂಪಾಯಿತು. ಈ ವಯಸ್ಸಿನಲ್ಲಿ! ವಿಧವೆ! ಸೊಸೆ ಕೇಳಿದರೆ ಏನಂದಾಳು?

"ಥೂ! ನಂಗೇನೇ ಅವ್ನು? ಎಂಟನೇ ತಲೆ, ಅಷ್ಟೆ! ಅವ್ನು ಬಿಟ್ರೆ ಏಳಾಗುತ್ತೆ, ಕ್ಲಾಸ್ ಮುಚ್ತಾರೆ. ಅದಕ್ಕೇ ದನ ಎಳೆದ ಹಾಗೆ ಎಳ್ಕೊಂಡ್ ಬರ್ತಿದೀನಿ. ಮುಗಿದ್ರೆ ಸಾಕಪ್ಪಾ!"

ಸಾಲಾಗಿ ತೂಗುತ್ತಿದ್ದ ದಪ್ಪ ಕೋಟುಗಳ ಆಚೆ ಬದಿಯ ಬೆಂಚಿನ ಮೇಲೆ ಸಗಿನ್ ಬೂಟಿನ ಲೇಸ್ ಬಿಚ್ಚುತ್ತಾ ಕೂತಿದ್ದ. ಒಳಗೆ ಬರುವಾಗ ಬಾಗಿಲಲ್ಲೇ ಬುರುಲ್ ಅವನನ್ನು ಬಿಟ್ಟು ಬಂದಿದ್ದಳು, ಬೆಗಾಯಿಮ್ ಜೊತೆ ಮಾತಾಡುತ್ತಾ ನಿಂತಿದ್ದಾನೆ ಅಂದುಕೊಂಡಿದ್ದಳು.

ಅವನು ಲೇಸ್ ಬಿಚ್ಚಿ ಮುಗಿಸಿದ. ಎದ್ದು ಮೆಲ್ಲಗೆ ಆ ಕಡೆಯ ಬಾಗಿಲಿಂದ ಹೋದ.

ಆ ದಿನದಿಂದ ಅವಳು ಬಾಯ್ಲರ್ ಮನೆಗೆ ಹೋಗುವ ಮೊದಲೇ ಅವನು ಆಸ್ಪತ್ರೆಯಲ್ಲಿ ಇರುತ್ತಿದ್ದ. ಕರೆಯುವ ಕೆಲಸವೇ ಇಲ್ಲ! ಒಂದು ನಿಮಿಷ ತಡವಿಲ್ಲ, ಒಂದು ದಿನ ತಪ್ಪಲಿಲ್ಲ. ಆದರೆ ಸೇತುವೆಗೆ ಬರಲಿಲ್ಲ. "ಕೆಲಸ ಇದೆ" ಎನ್ನುತ್ತಿದ್ದ. ಅಷ್ಟೆ.

'ನನ್ನಿಂದ ಏನು ತಪ್ಪಾಯ್ತು?' ಎಂದು ಅವಳು ಕೊರಗಿದಳು. ಕೇಳಬಹುದಿತ್ತು... ಕೇಳಲಿಲ್ಲ. ನಾನೇ ಮೇಲೆ ಬಿದ್ದು ಕೇಳಬೇಕಾ ಎಂಬ ಬಿಂಕ.

ಕೊನೆಯ ದಿನ ಬೆಗಾಯಿಮ್ ಎಲ್ಲರಿಗೂ ಒಂದೊಂದು ಕಾಗದ ಹಂಚಿದಳು. ತರಗತಿ ಹೇಗಿತ್ತು, ತೃಪ್ತಿ ಆಯಿತೇ ಎಂದು ಕೇಳುವ ಕಾಗದ. ಕನ್ನಡಕ ತರದವರದ್ದನ್ನು ಬುರುಲ್ ಓದಿ ಬರೆಯಬೇಕು. ಮುತ್ತಿನ ಅಕ್ಷರದವಳಲ್ಲವೇ! ಸಗಿನ್ ಸರದಿ ಕೊನೆಯದು. ಅಷ್ಟರಲ್ಲಿ ಅವಳ ಕೈ ಸೋತಿತ್ತು. ಅವನ ಮುಖ ನೋಡಲೂ ಆಗದೆ ತಲೆ ಬಗ್ಗಿಸಿಯೇ ಓದಿದಳು.

"ಬಿಡದೆ ಕೊನೆವರೆಗೂ ಬರೋಕೆ ಕಾರಣ ಏನು?"

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಲೆಕ್ಕ ತಪ್ಪಬಾರ್ದು ಅಂತ."

ಅವಳು ಬರೆದಳು. 'ಎಂಥ ಉತ್ತರವೋ' ಅಂದುಕೊಂಡಳು.

"ಒಟ್ಟಿನಲ್ಲಿ ಇರಾಜಿನಾ?" ತೃಪ್ತಿಗೆ ಕಾಗದದಲ್ಲಿ ಅಚ್ಚಾಗಿದ್ದ ಕಿರ್ಗಿಜ್ ಮಾತು ಅದು.

"ಇರಾಜಿ."

"ಬೇರೆ ಏನಾದ್ರೂ ಹೇಳೋದಿದ್ಯಾ?"

"ನಾನು ಇರಾಜಿ, ಬುರುಲ್." ಅವನ ದನಿ ತಗ್ಗಿತು. "ನೀನೂ ನನ್ನ ಮೇಲೆ ಇರಾಜಿ ಆಗು."

ಅವಳ ಪೆನ್ನು ತಾನಾಗಿ ಅದನ್ನೂ ಬರೆಯಿತು. "ಆಯ್ತು ಆಯ್ತು, ಇರಾಜಿ. ಇಲ್ಲಿ ಸಹಿ ಹಾಕಿ" ಎಂದು ಕಾಗದ ಅವನತ್ತ ತಳ್ಳಿದಳು.

ಅವನು ಸಹಿ ಹಾಕಿ, ಟೋಪಿ ಎತ್ತಿಕೊಂಡು ಹೋದ. ಅವಳು ತಲೆ ಎತ್ತಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

*

ನಾಲ್ಕು ದಿನ ಕಾದು ಬುರುಲ್ ಬಾಯ್ಲರ್ ಮನೆಗೆ ಹೋದಳು. ಚಳಿಗಾಲ ಮುಗಿದು ಬೆಂಕಿ ಆರಿಸಿದ್ದರು, ಬೀಗ ಜಡಿದಿತ್ತು.

"ಸಗಿನ್ನಾ? ತಮ್ಮನ ಕುದುರೆ ಕುರಿ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋದ್ನಲ್ಲ. ಇನ್ನು ಆ ಕೆಲಸಕ್ಕೆ ಬರಲ್ವಂತೆ" ಎಂದ ಕಾವಲುಗಾರ.

ಒಂದು ಮಾತು ಹೇಳದೇ ಹೋದನಾ!

ಬುರುಲ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. 'ಹೋಗಲಿ ಬಿಡು. ಎಲ್ರೂ ಮುಂದೆ ಹೋಗ್ಬಿಡ್ತಾರೆ ಅಂತ ನನ್ನ ಮುಂದೆ ನಾಟಕ ಆಡಿದ್ನಲ್ಲ, ತಾನೇ ಹೋದ!' ಐದು ವಾರ ಆ ಸಿಟ್ಟನ್ನೇ ಉಂಡಳು, ಆ ಸಿಟ್ಟನ್ನೇ ಹೊದ್ದು ಮಲಗಿದಳು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನೂ ಬಿಟ್ಟಳು. ಸೇತುವೆಯ ಕಡೆಗಂತೂ ತಲೆ ಹಾಕಲಿಲ್ಲ. ಮೆಟ್ಟಿಲು ಹತ್ತಿದರೆ ಮತ್ತೆ ಹಳೆಯ ಏದುಸಿರು.

ಜುಲೈನಲ್ಲಿ ಬೆಗಾಯಿಮ್ ಫೋನ್ ಮಾಡಿದಳು. "ಎಜೆ, ವರದಿ ಕಳಿಸ್ಬೇಕು. ನಿಮ್ಮ ಚಂದದ ಅಕ್ಷರದಲ್ಲಿ ಎಲ್ಲಾ ಒಂದೇ ಹಾಳೆಗೆ ಬರ್ಕೊಡ್ತೀರಾ? ಎಂಟಕ್ಕೆ ಎಂಟೂ ಜನ ಮುಗಿಸಿದ್ದಾರೆ, ಎಂಟೂ ಜನಕ್ಕೆ ತೃಪ್ತಿ! ಶರತ್ಕಾಲಕ್ಕೆ ಕ್ಲಾಸ್ ಖಂಡಿತ!"

ಆಸ್ಪತ್ರೆಯ ಕೋಣೆಯಲ್ಲಿ ಕೂತು ಬುರುಲ್ ಒಂದೊಂದೇ ಕಾಗದ ನಕಲು ಮಾಡಿದಳು. ಕೊನೆಯದನ್ನು ಬೆಗಾಯಿಮ್ ಎತ್ತಿಕೊಂಡು ಹುಬ್ಬು ಗಂಟಿಕ್ಕಿದಳು.

"ಇದೇನು ಎಜೆ? 'ನೀನೂ ನನ್ನ ಮೇಲೆ ಇರಾಜಿ ಆಗು'... ಆಸ್ಪತ್ರೆ ಯಾಕೆ ಇರಾಜಿ ಆಗ್ಬೇಕು ಇವ್ರ ಮೇಲೆ?" ನಗುತ್ತಾ ಶುರು ಮಾಡಿದವಳು ತಾನೇ ಮೆತ್ತಗಾದಳು. "ನಮ್ಮಜ್ಜಿ ತೀರ್ಕೊಂಡ ದಿನ ಹೀಗೇ ಅಂದಿದ್ದು... ಒಬ್ಬೊಬ್ರನ್ನೇ ಹತ್ರ ಕರ್ದು. ನಾವೂ ಅಳ್ತಾ ಇರಾಜಿ ಅಂದ್ವಿ. ಎಲ್ರೂ ಅಂದ ಮೇಲೇ ಅವ್ರು ಕಣ್ಮುಚ್ಚಿದ್ದು."

ಬುರುಲ್‌ಳ ಕೈಯಲ್ಲಿದ್ದ ಪೆನ್ನು ನಿಂತಿತು.

ಮಾತು ಒಂದೇ. ಕಾಗದದ ಮೇಲಿದ್ದರೆ ತೃಪ್ತಿ. ಬಿಟ್ಟು ಹೋಗುವವರ ಬಾಯಲ್ಲಿದ್ದರೆ, ನನಗೆ ನಿನ್ನ ಮೇಲೆ ಯಾವ ಬೇಸರವೂ ಇಲ್ಲ, ನೀನೂ ಇಟ್ಟುಕೊಳ್ಳಬೇಡ, ನನ್ನನ್ನು ಕಳಿಸಿಕೊಡು ಎಂದು. ಪ್ರೀತಿಸಿದವರು ತಿರುಗಿ ಇರಾಜಿ ಎಂದರೆ ಅಲ್ಲಿಗೆ ಬಿಡುಗಡೆ. ಈ ನೆಲದಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು. ಅವಳು ತನ್ನ ಗಂಡನ ಹಾಸಿಗೆಯ ಪಕ್ಕದಲ್ಲಿ ಅದೇ ಮಾತನ್ನು ಆಡಿದ್ದವಳು!

'ಹೇಳದೇ ಹೋಗಲಿಲ್ಲ ಅವನು... ನನ್ನನ್ನೇ ಕೇಳಿದ. ನಾನು... ಆಯ್ತು ಆಯ್ತು ಅಂದೆ. ಸಹಿ ಹಾಕಿ ಅಂದೆ!'

ಮೇಲಿನ ಸಾಲು ಕಣ್ಣಿಗೆ ಬಿತ್ತು. ಲೆಕ್ಕ ತಪ್ಪಬಾರದು ಅಂತ. 'ಎಂಟನೇ ತಲೆ' ಎಂದು ತಾನೇ ಆಡಿದ್ದ ಮಾತು ನೆನಪಾಯಿತು. ಕಲೀಚಾಗೆ ಫೋನ್ ಹಚ್ಚಿದಳು.

"ಕಲೀಚಾ, ಅವತ್ತು ಕೋಟಿನ ಕೋಣೇಲಿ... ಸಗಿನ್..."

ಆ ಕಡೆಯ ದನಿ ಎಂದೂ ಇಲ್ಲದಷ್ಟು ಸಣ್ಣದಾಯಿತು.

"ಇದ್ದ ಕಣೇ" ಎಂದಳು ಕಲೀಚಾ. "ಕೋಟುಗಳ ಕೆಳಗೆ ಅವ್ನ ಬೂಟು ಕಾಣಿಸ್ತು ನಂಗೆ. ನೀನು ಹೇಳಿ ಮುಗಿಸಿದ ಮೇಲೆ ಕಾಣಿಸ್ತು. ನಿಂಗೆ ಹೇಳೋಣ ಹೇಳೋಣ ಅಂತ... ಹೆಂಗೆ ಹೇಳ್ಲಿ? ನಾನೇ ತಾನೆ ಕೆಣಕಿದ್ದು?"

ಅವನು ಹೋದ ಜಾಗ ಯಾವುದೆಂದು ಬುರುಲ್ ಹೇಳಿದೊಡನೆ ಬೆಗಾಯಿಮ್ ಗಾಬರಿಯಿಂದ ಅವಳ ಭುಜ ಹಿಡಿದಳು. "ಸಗಿನ್ ಬಾಯ್ಕೆ ಹುಲ್ಲುಗಾವಲಿಗೆ ಹೋಗಿದ್ದಾರಾ? ಡಾಕ್ಟ್ರು ಬರೆದೇ ಕೊಟ್ಟಿದ್ರಲ್ಲ ಎಜೆ, ಅಷ್ಟು ಎತ್ತರಕ್ಕೆ ಹೋಗ್ಲೇಬೇಡಿ ಅಂತ! ಅಲ್ಲಿ ಗಾಳಿನೇ ತೆಳು... ಅವ್ರ ಎದೆ ತಡ್ಕೊಳಲ್ಲ!"

*

ಮರುದಿನ ಬೆಳಿಗ್ಗೆಯೇ ಕಲೀಚಾಳ ಅಳಿಯನ ಜೀಪು ಹಿಟ್ಟು, ಉಪ್ಪು ಹೇರಿಕೊಂಡು ಹುಲ್ಲುಗಾವಲಿಗೆ ಹೊರಟಿತು. ಮುಂದಿನ ಸೀಟಿನಲ್ಲಿ ಬುರುಲ್. ಮಡಿಲಲ್ಲಿ ಬೆಗಾಯಿಮ್ ಬೈಯುತ್ತಲೇ ತುಂಬಿಸಿಕೊಟ್ಟ ಆಮ್ಲಜನಕದ ರಬ್ಬರ್ ದಿಂಬು.

"ನೀವೂ ಹೋಗ್ಬಾರ್ದು ಎಜೆ. ಹೋದ್ರೂ ಒಂದು ಗಂಟೇಲಿ ಇಳ್ದು ಬನ್ನಿ, ನನ್ನಾಣೆ!"

ದಾರಿಯುದ್ದಕ್ಕೂ ಬುರುಲ್ ಒಂದೇ ಮಾತು ಬೇಡಿಕೊಂಡಳು. ಬದುಕಿರಲಿ... ಬೈದರೂ ಪರವಾಗಿಲ್ಲ, ಮುಖ ತಿರುಗಿಸಿದರೂ ಪರವಾಗಿಲ್ಲ, ಬದುಕಿರಲಿ.

ಜೀಪು ತೊರೆಯ ಹತ್ತಿರ ನಿಂತಿತು. ಅಲ್ಲಿಂದ ಒಂದು ದಿಣ್ಣೆ, ಅದರ ಮೇಲೆ ಉಣ್ಣೆಯ ಗುಡಾರ. ಚೆನ್ನಾಗಿರುವವರಿಗೆ ಹತ್ತು ನಿಮಿಷದ ದಾರಿ. ಬುರುಲ್ ಎರಡು ಹೆಜ್ಜೆಗೆ ಉಸಿರೆಳೆದು ನಾಲ್ಕು ಹೆಜ್ಜೆಗೆ ಊದಿದಳು. ನಿಂತಳು. ಮತ್ತೆ ಎರಡು, ಮತ್ತೆ ನಾಲ್ಕು. ಜೀಪಿನ ಹುಡುಗ ದಿಂಬು ತಾನು ಹೊರುತ್ತೇನೆ ಎಂದರೂ ಕೊಡಲಿಲ್ಲ. ಅರ್ಧ ಗಂಟೆಯಾಯಿತು.

ಗುಡಾರದ ಹೊರಗೆ ಸಗಿನ್‌ನ ತಮ್ಮನ ಹೆಂಡತಿ ಕುದುರೆ ಹಾಲು ಕಡೆಯುತ್ತಿದ್ದಳು. ಇವಳನ್ನು ಕಂಡು ಏನೂ ಕೇಳದೆ ಬಾಗಿಲ ಉಣ್ಣೆ ಎತ್ತಿದಳು. "ಮೂರು ದಿನದಿಂದ ಮಲಗಿಲ್ಲ ಎಜೆ. ಕೂತೇ ಇರ್ತಾರೆ. ಕೆಳಗೆ ಹೋಗೋಣ ಅಂದ್ರೆ, ಅಲ್ಲಿ ಯಾರಿದ್ದಾರೆ ಅಂತಾರೆ."

ಹಾಸಿಗೆಗಳ ರಾಶಿಗೆ ಒರಗಿ ಕೂತಿದ್ದ ಸಗಿನ್. ಅರ್ಧಕ್ಕರ್ಧ ಇಳಿದುಹೋಗಿದ್ದ. ತುಟಿ ನೀಲಿ. ಅವಳನ್ನು ಕಂಡು ಕಣ್ಣು ಅರಳಿತು, ಆಮೇಲೆ ಸಿಟ್ಟಾಯಿತು.

"ಯಾಕ್ ಬಂದೆ... ಇಷ್ಟೆತ್ರ... ನಿನ್ ಎದೆಗೆ..."

ಅವಳಿಗೆ ಉತ್ತರಿಸುವ ಉಸಿರಿರಲಿಲ್ಲ. ಪಕ್ಕದಲ್ಲಿ ಕುಸಿದು ದಿಂಬಿನ ನಳಿಕೆ ಅವನ ಬಾಯಿಗಿಟ್ಟಳು. ಅವನು ನಾಲ್ಕು ಗುಟುಕು ಎಳೆದು ಅದನ್ನು ಅವಳ ಬಾಯಿಗೆ ತಿರುಗಿಸಿದ. ಅವಳು ತಲೆಯಾಡಿಸಿದಳು. ಅವನು ಬಿಡಲಿಲ್ಲ. ಹೀಗೆ ಒಬ್ಬರಾದ ಮೇಲೆ ಒಬ್ಬರು, ಒಂದೇ ನಳಿಕೆಯಲ್ಲಿ.

"ಸಗಿನ್."

ಬಾಯ್ಕೆ ಎನ್ನಲಿಲ್ಲ. ಅವನು ತಿರುಗಿ ನೋಡಿದ.

"ನಾನು ಇರಾಜಿ ಅಲ್ಲ."

"ಅವತ್ತು... ಅಂದ್ಯಲ್ಲ."

"ಅವತ್ತು ಗುಮಾಸ್ತೆ ಅಂದಿದ್ದು! ಇವತ್ತು ಬುರುಲ್ ಹೇಳ್ತಿದಾಳೆ. ನಿನ್ನ ಮೇಲೆ ನಂಗೆ ಇರಾಜಿ ಇಲ್ಲ. ನಾಳೆ ಕೇಳಿದ್ರೂ ಇಲ್ಲ, ಸಾಯೋವಾಗ ಕೇಳಿದ್ರೂ ಇಲ್ಲ. ನಿನ್ನ ಕಳಿಸ್ಕೊಡಲ್ಲ ನಾನು!"

ಅಲ್ಲಿಯ ತನಕ ತಡೆದಿದ್ದ ಅಳು ಉಕ್ಕಿತು. ಅತ್ತರೆ ಉಸಿರು ಕಟ್ಟುತ್ತದೆಂದು ಗೊತ್ತಿದ್ದೂ ಅತ್ತಳು.

"ಕಲೀಚಾ ಮುಂದೆ ನಾಚ್ಕೆ ಆಯ್ತು ಕಣೋ... ಈ ವಯಸ್ಸಲ್ಲಿ ಬಾಯ್ಲರ್ ಮನೆ ಬಾಗ್ಲು ತಟ್ಟೋಕೆ ಮುಂಚೆ ಎದೆ ಡವಡವ ಅನ್ನುತ್ತೆ ಅಂತ ಹೆಂಗೆ ಹೇಳ್ಲಿ? ಏನೋ ಬಾಯಿಗೆ ಬಂದಿದ್ದು ಅಂದೆ. ಅದನ್ನ ಕೇಳಿಸ್ಕೊಂಡೂ ಮೂರು ಕ್ಲಾಸಿಗೂ ಬಂದ್ಯಲ್ಲೋ..."

"ನಿಂಗೆ... ಎಂಟು ಬೇಕಿತ್ತಲ್ಲ" ಎಂದ ಅವನು. ಕುಹಕವಿರಲಿಲ್ಲ ಆ ಮಾತಿನಲ್ಲಿ. "ನಂದೂ ತಪ್ಪೇ, ಬುರುಲ್. ಆ ಕೋಟು ಸರ್ಸಿ... ಎದುರು ಬಂದು... ನಿಜಾನಾ ಅಂತ ಒಂದು ಮಾತು ಕೇಳ್ಬಹುದಿತ್ತು. ಗಂಡಸಿನ ಬಿಗುಮಾನ. ಎಷ್ಟು ದಿನ ಕಳ್ಕೊಂಡ್ವಿ..."

ಎಷ್ಟು ದಿನ! ದಿನಗಳಿಗಿಂತ ಹೆಚ್ಚಿನದನ್ನೇ ಕಳೆದುಕೊಂಡಿದ್ದರು. ಆರು ವಾರ ಬೆವರು ಸುರಿಸಿ ಗಳಿಸಿದ್ದ ಅಷ್ಟಿಷ್ಟು ಉಸಿರು ಇಬ್ಬರಿಂದಲೂ ಸೋರಿಹೋಗಿತ್ತು. ಅವನದ್ದಂತೂ ಪೂರ್ತಿ ತಿರುಗಿ ಬರುವ ಹಾಗೆ ಕಾಣುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಏಳು. ಜೀಪು ಕಾಯ್ತಿದೆ" ಎಂದಳು.

"ಅಲ್ಲಿ ಯಾರಿದ್ದಾರೆ ನಂಗೆ" ಎನ್ನಲಿಲ್ಲ ಅವನು ಈ ಸಲ. ತಮ್ಮನ ಹೆಂಡತಿ, ಜೀಪಿನ ಹುಡುಗ ಸೇರಿ ಅವನನ್ನು ಕುದುರೆಯ ಮೇಲೆ ಕೂರಿಸಿ ದಿಣ್ಣೆ ಇಳಿಸಿದರು. ಬುರುಲ್ ಪಕ್ಕದಲ್ಲಿ ಅವನ ಬೂಟು ಹಿಡಿದುಕೊಂಡು ನಡೆದಳು.

ಜೀಪು ಕೆಳಗಿಳಿದಂತೆಲ್ಲ ಗಾಳಿ ದಪ್ಪವಾಯಿತು. ಅವನ ತುಟಿಗೆ ಸ್ವಲ್ಪ ಸ್ವಲ್ಪವೇ ಬಣ್ಣ ಬಂತು. ತಲೆ ಅವಳ ಹೆಗಲ ಮೇಲಿತ್ತು.

"ಬುರುಲ್... ಮನೇಲಿ ಒಂದು ಕೋಣೆ ಇದೆ."

"ಮಾತಾಡ್ಬೇಡ. ಸುಮ್ನೆ ಊದು."

"ಕೇಳು... ಮೇ ತಿಂಗಳಲ್ಲಿ ಸುಣ್ಣ ಹೊಡ್ಸಿದೆ. ಒಲೆ ಕಿತ್ ಹಾಕಿದೆ. ಬೆರಣಿ ಇಲ್ಲ... ಕಲ್ಲಿದ್ದಲಿಲ್ಲ... ಕರೆಂಟಿನ ಹೀಟರ್ ಇಟ್ಟೆ. ನಿಂಗೆ... ಹೊಗೆ ಆಗಲ್ವಲ್ಲ, ಅದಕ್ಕೆ. ಕೊನೇ ದಿನ ಸೇತುವೆ ಹತ್ರ ಹೇಳೋಣ ಅಂತಿದ್ದೆ."

ಬುರುಲ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಇಷ್ಟು ದಿನವೂ ಆ ಕೋಣೆ ಸುಣ್ಣದ ವಾಸನೆ ತುಂಬಿಕೊಂಡು ಬೀಗ ಹಾಕಿಕೊಂಡಿತ್ತು. ಅವಳು ಅದೇ ಹೊತ್ತಿಗೆ ಹೊಗೆಯ ಮುಂದೆ ಕೂತು ಅವನನ್ನು ಬೈಯುತ್ತಾ ರೊಟ್ಟಿ ಸುಡುತ್ತಿದ್ದಳು.

"ಕೀ ಎಲ್ಲಿದೆ?" ಎಂದಳು, ದನಿ ಸರಿಮಾಡಿಕೊಂಡು.

ಅವನು ಅವಳ ಕೈಯನ್ನು ಹಿಡಿದು ತನ್ನ ಕೋಟಿನ ಒಳಜೇಬಿಗೆ ಇಟ್ಟ.

"ಇದನ್ನೂ ಜೊತೆಗೇ ತಗೊಂಡ್ ಹೋಗಿದ್ಯಾ, ಮಹರಾಯ?"

"ಬಿಟ್ಟು ಹೋಗೋಕೆ... ಮನಸಾಗ್ಲಿಲ್ಲ."